ನಾಯಿಗೂ ಬೇಕು ಪಥ್ಯ

ಕುಮಟಾ ತಾಲ್ಲೂಕಿನ ಹೊಳನಗದ್ದೆಯಂಥ ಊರಿನಲ್ಲಿ ಶಾಲೆ ಬಿಟ್ಟು ಬರುವ ಮಕ್ಕಳನ್ನು ಮೊದಲು ಎದುರುಗೊಳ್ಳುವುದು ಅಂಗಳದ ನಾಯಿ. ಅಂಥ ನಾಯಿಗೆ ಶಸ್ತ್ರಚಿಕಿತ್ಸೆ ಮಾಡಿಸಿ ತಂದು ಜಗಲಿಯ ಮೂಲೆಯಲ್ಲಿ ಗೋಣಿತಾಟಿನ ಮೇಲೆ ಮಲಗಿಸಿದ ದಿನ ಮನೆಮಂದಿಗೆಲ್ಲ ಅದರ ಮೇಲೆ ಎಲ್ಲಿಲ್ಲದ ಅಕ್ಕರೆ. 'ಪಾಪ, ಸೋತು ಹೋಗಿದೆ' ಎಂದು ಅಜ್ಜಿ ಬಟ್ಟಲು ತುಂಬ ಹಾಲು ಇಡುತ್ತಾರೆ. ಮಕ್ಕಳು ಬಿಸ್ಕತ್ತು ತಿನ್ನಿಸುತ್ತಾರೆ. ಬಂಗಡೆ ಸಾರಿನಲ್ಲಿ ಕಲಸಿದ ಅನ್ನವೂ ಬರುತ್ತದೆ. ಮರುದಿನ ನೋಡಿದರೆ ಜಗಲಿಯೆಲ್ಲ ಹೊಲಸು. 'ಆಪರೇಷನ್ ಕೆಟ್ಟಿತೋ ಏನೋ' ಎಂಬ ಗಾಬರಿ ಶುರುವಾಗುತ್ತದೆ.

ಬಹಳ ಸಲ ಕೆಟ್ಟಿರುವುದು ಆಪರೇಷನ್ ಅಲ್ಲ, ಹೊಟ್ಟೆ. ಅದನ್ನು ಸರಿಪಡಿಸಲು ಹೋಗಿ ಮನೆಯವರು ಮಾಡುವ ಅವಸರದ ಉಪಚಾರವೇ ಕೆಲವೊಮ್ಮೆ ನಾಯಿಯ ಪ್ರಾಣಕ್ಕೆ ಸಂಚಕಾರ ತರುತ್ತದೆ.

ಹೊಟ್ಟೆ ಕೆಡುವುದು ಯಾಕೆ?

ಅರಿವಳಿಕೆ ಕೊಟ್ಟಾಗ ಕರುಳಿನ ಚಲನೆ ನಿಧಾನವಾಗುತ್ತದೆ. ಅದರ ಪ್ರಭಾವ ಇಳಿಯುವಾಗ ನಾಯಿ ಒಂದೆರಡು ಸಲ ವಾಂತಿ ಮಾಡಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ಉಪವಾಸವಿದ್ದುದರಿಂದ ಎರಡು ಮೂರು ದಿನ ಮಲ ವಿಸರ್ಜಿಸದೆಯೂ ಇರಬಹುದು. ಗಾಯ ಕೀವಾಗದಿರಲೆಂದು ಕೊಡುವ ಆ್ಯಂಟಿಬಯೋಟಿಕ್ ಔಷಧಿ ಕರುಳಿನ ಉಪಕಾರಿ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುವುದರಿಂದ ಭೇದಿಯಾಗಬಹುದು. ನೋವಿನ ಔಷಧಿಯದು ಇನ್ನೊಂದು ಕಥೆ. ದೇಹದಲ್ಲಿ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳ ಉತ್ಪತ್ತಿಯನ್ನು ತಡೆದು ಅದು ನೋವು ಇಳಿಸುತ್ತದೆ. ಜಠರದ ಒಳಪದರವನ್ನು ಆಮ್ಲದಿಂದ ಕಾಪಾಡುವುದೂ ಅದೇ ಪ್ರೊಸ್ಟಗ್ಲಾಂಡಿನ್‌ಗಳು. ಆದ್ದರಿಂದಲೇ ನೋವಿನ ಮಾತ್ರೆಯನ್ನು ಸಾಮಾನ್ಯವಾಗಿ ಊಟದ ಜೊತೆಗೇ ಕೊಡಬೇಕು. ನಾಯಿ ವಾಂತಿ ಅಥವಾ ಭೇದಿ ಮಾಡುತ್ತಿದ್ದರೆ, ಅನ್ನ ಮುಟ್ಟದಿದ್ದರೆ, ಮುಂದಿನ ಮಾತ್ರೆ ಹಾಕುವ ಮೊದಲು ಪಶುವೈದ್ಯರನ್ನು ಕೇಳಲೇಬೇಕು. ಆ್ಯಂಟಿಬಯೋಟಿಕ್ಕನ್ನು ಮಾತ್ರ ಅವರನ್ನು ಕೇಳದೆ ನಡುವೆ ನಿಲ್ಲಿಸಬಾರದು.

ನಮ್ಮ ಮಾತ್ರೆ ಅದಕ್ಕೆ ವಿಷ

ನಾಯಿ ನರಳುವುದನ್ನು ನೋಡಲಾರದೆ ಮನೆಯ ಡಬ್ಬಿಯಿಂದ ಒಂದು ಮಾತ್ರೆ ತೆಗೆದು ಬೆಲ್ಲದಲ್ಲಿಟ್ಟು ನುಂಗಿಸುವವರಿದ್ದಾರೆ. ಇದಕ್ಕಿಂತ ದೊಡ್ಡ ತಪ್ಪಿಲ್ಲ. ಐಬುಪ್ರೊಫೆನ್ ನಾಯಿಯ ಜಠರದಲ್ಲಿ ಹುಣ್ಣು ಮಾಡಿ ಮೂತ್ರಪಿಂಡವನ್ನು ಕೆಡಿಸಬಲ್ಲದು. ಪ್ಯಾರಾಸಿಟಮಾಲ್ ಯಕೃತ್ತಿಗೂ ಕೆಂಪು ರಕ್ತಕಣಗಳಿಗೂ ಹಾನಿ ಮಾಡಬಲ್ಲದು. ಭೇದಿ ನಿಲ್ಲಿಸುವ ಮನುಷ್ಯರ ಮಾತ್ರೆಯನ್ನೂ ವೈದ್ಯರು ಹೇಳದೆ ಕೊಡಬಾರದು.

ಒಂದು ಜೀವಿಗೆ ಔಷಧಿಯಾದದ್ದು ಇನ್ನೊಂದಕ್ಕೆ ವಿಷವಾಗುತ್ತದೆ ಎನ್ನುವುದಕ್ಕೆ ನಮ್ಮ ದೇಶದ ರಣಹದ್ದುಗಳೇ ಸಾಕ್ಷಿ. ದನಗಳಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಎಂಬ ನೋವುನಿವಾರಕ ಸತ್ತ ದನದ ಮಾಂಸದಲ್ಲಿ ಉಳಿದು, ಅದನ್ನು ತಿಂದ ರಣಹದ್ದುಗಳು ಮೂತ್ರಪಿಂಡ ಕೆಟ್ಟು ಸತ್ತವು. ವಿಜ್ಞಾನಿಗಳು 2004ರಲ್ಲಿ ಈ ನಂಟನ್ನು ಬಯಲಿಗೆ ತಂದರು. 2006ರಲ್ಲಿ ಪಶುಗಳ ಬಳಕೆಗೆ ಆ ಔಷಧಿಯನ್ನು ಭಾರತ ನಿಷೇಧಿಸಿತು.

ಗಂಜಿಯೇ ಮದ್ದು

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ವಾಂತಿ ಮಾಡಿದ ದೊಡ್ಡ ನಾಯಿಯ ಹೊಟ್ಟೆಗೆ ಕೆಲವು ಗಂಟೆ ಬಿಡುವು ಕೊಡಬಹುದು. ನೀರನ್ನು ಮಾತ್ರ ತಪ್ಪಿಸಬಾರದು. ಒಂದೇ ಸಲಕ್ಕೆ ಬಟ್ಟಲು ತುಂಬಿಡದೆ ಸ್ವಲ್ಪ ಸ್ವಲ್ಪವಾಗಿ ಕೊಡಬೇಕು. ಮರಿಗಳನ್ನು ಉಪವಾಸ ಹಾಕಬಾರದು.

ಆಮೇಲೆ ಕರಾವಳಿಯ ಪ್ರತಿ ಮನೆಗೂ ಗೊತ್ತಿರುವ ಗಂಜಿ. ಅನ್ನ ಮೆತ್ತಗೆ ಬೆಂದಿರಬೇಕು. ಉಪ್ಪು, ಖಾರ, ತೆಂಗಿನಕಾಯಿ, ಎಣ್ಣೆ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿಯಂತೂ ನಾಯಿಗೆ ಯಾವ ಕಾಲಕ್ಕೂ ಸಲ್ಲದು. ಚರ್ಮ, ಮೂಳೆ ತೆಗೆದು ಬೇಯಿಸಿದ ಕೋಳಿಮಾಂಸವನ್ನು ಗಂಜಿಗೆ ಸ್ವಲ್ಪ ಸೇರಿಸಬಹುದು. ಮಾಂಸ ತರದ ಮನೆಯಲ್ಲಿ, ನಾಯಿಗೆ ಮೊದಲಿನಿಂದ ಒಗ್ಗಿದ್ದರೆ, ಒಂದು ಚಮಚ ಮೊಸರು ಸಾಕು. ಹಾಲು ಬೇಡ, ಬೆಳೆದ ಅನೇಕ ನಾಯಿಗಳಿಗೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ. ದಿನಕ್ಕೆರಡು ಸಲ ಹೊಟ್ಟೆ ತುಂಬ ಹಾಕುವ ಬದಲು ನಾಲ್ಕೈದು ಸಲ ಹಿಡಿ ಹಿಡಿಯಾಗಿ ಕೊಡಬೇಕು. ಮಲ ಗಟ್ಟಿಯಾದ ಮೇಲೆ ಮೂರು ನಾಲ್ಕು ದಿನಗಳಲ್ಲಿ ಮೆಲ್ಲಗೆ ಹಳೆಯ ಊಟಕ್ಕೆ ತರಬೇಕು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರ ಬೇಕು. ಭೇದಿಯ ಹೊಲಸು ಹೊಲಿಗೆಗೆ ತಾಗಿದರೆ ನೊಣ ಮುತ್ತುತ್ತದೆ, ಗಾಯದಲ್ಲಿ ಹುಳುವಾಗುತ್ತದೆ. ನಾಯಿಯನ್ನು ಒಣಗಿದ ಜಾಗದಲ್ಲಿ ಮಲಗಿಸಿ, ಹಾಸನ್ನು ಆಗಾಗ ಬದಲಿಸಬೇಕು. ಹೊಲಿಗೆ ಬಿಚ್ಚುವ ತನಕ, ಅಂದರೆ ಸಾಮಾನ್ಯವಾಗಿ 10ರಿಂದ 14 ದಿನ, ಸ್ನಾನ ಮಾಡಿಸಬಾರದು. ನಾಯಿ ಗಾಯ ನೆಕ್ಕದಂತೆ ವೈದ್ಯರು ಕಟ್ಟಿದ ಲಾಳಿಕೆಯಂಥ ಕೊರಳಪಟ್ಟಿಯನ್ನು ಕನಿಕರದಿಂದ ಬಿಚ್ಚಬಾರದು. ಹೊಲಸು ತೆಗೆದವರು ಸೋಪು ಹಾಕಿ ಕೈ ತೊಳೆಯಬೇಕು. ಚಿಕ್ಕ ಮಕ್ಕಳಿಗೆ ಆ ಕೆಲಸ ಹಚ್ಚದಿರುವುದು ಒಳ್ಳೆಯದು.

ಮಕ್ಕಳ ಕೈಯಲ್ಲಿ ನೋಟುಪುಸ್ತಕ

ಮಕ್ಕಳಿಗೆ ಕೊಡಬಹುದಾದ ಕೆಲಸ ಬೇರೆಯಿದೆ. ಹಳೆಯ ನೋಟುಪುಸ್ತಕದಲ್ಲಿ ನಾಯಿ ಎಷ್ಟು ಹೊತ್ತಿಗೆ ಏನು ತಿಂದಿತು, ಎಷ್ಟು ನೀರು ಕುಡಿಯಿತು, ಎಷ್ಟು ಸಲ ವಾಂತಿ ಅಥವಾ ಭೇದಿ ಮಾಡಿತು, ಯಾವ ಮಾತ್ರೆ ಹೋಯಿತು ಎಂದು ಬರೆದಿಡಲಿ. 'ನಿನ್ನೆಯಿಂದ ಹುಷಾರಿಲ್ಲ' ಎನ್ನುವ ಮಾತಿಗಿಂತ ಈ ಒಂದು ಪುಟ ವೈದ್ಯರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಕೆಲವು ಲಕ್ಷಣ ಕಂಡರೆ ಬರೆಯುತ್ತ ಕೂರದೆ ಹೊರಡಬೇಕು. ಮಲದಲ್ಲಿ ರಕ್ತ ಅಥವಾ ಡಾಂಬರಿನಂಥ ಕಪ್ಪು ಬಣ್ಣ, ಮತ್ತೆ ಮತ್ತೆ ವಾಂತಿ, ಉಬ್ಬಿದ ಹೊಟ್ಟೆ, ಬಿಳಿಚಿದ ವಸಡು, ಬಾಯಿ ಬಿಟ್ಟ ಹೊಲಿಗೆ, ನೀರನ್ನೂ ಮುಟ್ಟದ ನಿತ್ರಾಣ – ಇವು ಗಂಜಿಗೆ ಬಗ್ಗುವ ಕಾಯಿಲೆಗಳಲ್ಲ. ಬೆನ್ನಿನ ಚರ್ಮವನ್ನು ಎತ್ತಿ ಬಿಟ್ಟಾಗ ಅದು ಕೂಡಲೇ ಹಿಂದಕ್ಕೆ ಹೋಗದಿದ್ದರೆ ದೇಹದ ನೀರು ಬತ್ತಿದೆ ಎಂದರ್ಥ. ನಾಯಿಯ ಸಹಜ ಉಷ್ಣತೆ ಸುಮಾರು 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. 103 ದಾಟಿದರೆ ತಡ ಮಾಡಬಾರದು. ಲಸಿಕೆ ಹಾಕಿಸದ ಮರಿಯ ಭೇದಿ ಪಾರ್ವೊ ವೈರಸ್ಸಿನದೂ ಆಗಿರಬಹುದಾದ್ದರಿಂದ ಒಂದು ದಿನವೂ ಕಾಯುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ ಒಂದು ಬೆಳಿಗ್ಗೆ ನಾಯಿ ತಾನಾಗಿ ಎದ್ದು, ಬಾಲ ಅಲ್ಲಾಡಿಸುತ್ತ ಅಡುಗೆಮನೆಯ ಬಾಗಿಲಿಗೆ ಬರುತ್ತದೆ. ಆಗ ಮನಸ್ಸು ತಡೆಯುವುದೇ ಕಷ್ಟ. ಆದರೆ ಅಜ್ಜಿಯ ಬಂಗಡೆ ಸಾರು ಇನ್ನೂ ನಾಲ್ಕು ದಿನ ಕಾಯಲಿ.