ತುಳುನಾಡಿನ ದೈವಾರಾಧನೆ: ಹೊರಗಿನವರ ನೋಟ, ಒಳಗಿನವರ ನೋಟ

ಒಂದು ಜನಾಂಗವು ಯಾವುದನ್ನು ಮೇಲಾದುದೆಂದು ಎಣಿಸುತ್ತದೆ, ಯಾವುದಕ್ಕೆ ಅಂಜುತ್ತದೆ, ಯಾವುದರ ಮುಂದೆ ತಲೆಬಾಗುತ್ತದೆ ಎಂಬುದನ್ನು ತಿಳಿಯುವುದಕ್ಕೆ ಎರಡು ಮಾರ್ಗಗಳಿವೆ. ಹೊರಗಿನಿಂದ ಬಂದವನು ಕಂಡು ಬರೆದಿಟ್ಟುದು ಒಂದು. ಒಳಗಿನವನು ಬಾಳಿ ನುಡಿದುದು ಇನ್ನೊಂದು. ಇವೆರಡೂ ಪರಸ್ಪರ ಹೊಂದಿಕೊಳ್ಳುವುದು ವಿರಳ. ಹೊರಗಿನವನು ತಪ್ಪು ಕಂಡನು, ಒಳಗಿನವನು ಸರಿಯಾಗಿ ಬಲ್ಲನು ಎಂದು ತೀರ್ಮಾನಿಸುವುದು ಸುಲಭ. ಆದರೆ ವಿಷಯವು ಅಷ್ಟು ಸರಳವಲ್ಲ. ತುಳುನಾಡಿನ ದೈವಾರಾಧನೆಯ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಪಡುಬಿದ್ರೆಯಿಂದ ಕಾರ್ಕಳಕ್ಕೆ ಹೋಗುವ ದಾರಿಯಲ್ಲಿ ನಂದಿಕೂರು ಗ್ರಾಮವಿದೆ. ಇಂದು ಈ ಸೀಮೆಯಲ್ಲಿ ಕೊಂಕಣ ರೈಲ್ವೆಯ ಹಳಿಯೂ ಕೈಗಾರಿಕೆಗಳೂ ಬಂದಿದ್ದರೂ, ಇಲ್ಲಿಯ ಗ್ರಾಮಜೀವನದ ಹಳೆಯ ಕಟ್ಟು ಅಳಿದಿಲ್ಲ. ದೇವಸ್ಥಾನ, ದೈವಸ್ಥಾನ, ನಾಗಬನ, ಗುತ್ತಿನ ಮನೆ ಇವು ಆ ಕಟ್ಟಿನ ಅಂಗಗಳು. ದೀಪಾವಳಿಯ ತರುವಾಯ ಮೊದಲಾಗಿ, ಬೇಶ್ಯ ತಿಂಗಳ ಹತ್ತನೆಯ ದಿನವಾದ ಪತ್ತನಾಜೆಯೊಳಗೆ, ತುಳುನಾಡಿನಲ್ಲೆಲ್ಲ ಕೋಲ ನೇಮಗಳು ನಡೆಯುತ್ತವೆ. ಮುಖಕ್ಕೆ ಅರದಾಳವನ್ನು ಬಳಿದು, ಸೊಂಟಕ್ಕೆ ತೆಂಗಿನ ಎಳೆಗರಿಯನ್ನು ಸುತ್ತಿ, ಬೆನ್ನಿಗೆ ಅಣಿಯನ್ನು ಕಟ್ಟಿ, ಕಾಲಿಗೆ ಗಗ್ಗರವನ್ನು ತೊಟ್ಟು ನಿಂತವನ ಮೈಮೇಲೆ ದೈವವು ಬಂದು ನುಡಿಕೊಡುತ್ತದೆಂದು ಜನರ ನಂಬಿಕೆ.

ಈ ನಾಡನ್ನು ನೋಡಿದ ಐರೋಪ್ಯರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬವನು ಗಮನಾರ್ಹನು. ಇಕ್ಕೇರಿಯ ವೆಂಕಟಪ್ಪನಾಯಕನಲ್ಲಿಗೆ ಹೋದ ಪೋರ್ತುಗೀಸ್ ರಾಯಭಾರಿಯ ಸಂಗಡ ಬಂದ ಈತನು, 1623ರಲ್ಲಿ ಮಂಗಳೂರಿಗೂ ಬಂದು ಉಳ್ಳಾಲದ ಅರಸಿಯನ್ನು ಕಂಡನು. ಆಕೆಯು ಬರಿಗಾಲಿನಲ್ಲಿ, ಸಾಮಾನ್ಯವಾದ ಹತ್ತಿಯ ಬಟ್ಟೆಯನ್ನುಟ್ಟು, ಕಾಲುವೆ ತೋಡುವ ಕೆಲಸವನ್ನು ನೋಡಿಕೊಳ್ಳುತ್ತಿದ್ದಳು. ಮೊದಲ ನೋಟಕ್ಕೆ ಆಕೆ ಅಡುಗೆಯಾಳಿನಂತೆ ತೋರಿದಳೆಂದು ಆತನು ಬರೆದನು. ಆದರೆ ಆಕೆಯ ಮಾತನ್ನು ಕೇಳಿದ ಬಳಿಕ ಅದರಲ್ಲಿಯ ವಿವೇಕವನ್ನೂ ಮೆಚ್ಚಿ ಬರೆದನು. ಕಣ್ಣಿಗೆ ಕಂಡುದು ಒಂದು, ಕಿವಿಗೆ ಕೇಳಿದುದು ಇನ್ನೊಂದು. ನೀರಿನ ಕೆಲಸದ ಮುಂದೆ ತಾನೇ ನಿಲ್ಲುವುದು ಅರಸುತನಕ್ಕೆ ಕುಂದಲ್ಲವೆಂಬ ಭಾವನೆಯು ಉಡುಪಿನಲ್ಲಿ ಕಾಣತಕ್ಕುದಲ್ಲ. ನಾಡಿನ ಮಾತು ತಿಳಿದವನಿಗೆ ಮಾತ್ರ ಅದು ಗೋಚರವಾಗುವುದು.

ಇನ್ನೂರು ವರ್ಷಗಳ ತರುವಾಯ ಮಾತನ್ನು ಕಲಿತವರೇ ಬಂದರು. 1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ನೆಲೆಗೊಂಡರು. ಬ್ರಿಗೆಲನು 1872ರಲ್ಲಿ ತುಳು ವ್ಯಾಕರಣವನ್ನೂ, ಮ್ಯಾನರನು 1886ರಲ್ಲಿ ತುಳು ನಿಘಂಟುವನ್ನೂ ಪ್ರಕಟಿಸಿದರು. ಮ್ಯಾನರನು ಅದೇ ವರ್ಷ ಪಾಡ್ದನಗಳನ್ನೂ ಕನ್ನಡ ಲಿಪಿಯಲ್ಲಿ ಅಚ್ಚು ಮಾಡಿಸಿದನು. ಮಂಗಳೂರಿನಲ್ಲಿ ನ್ಯಾಯಾಧೀಶನಾಗಿದ್ದ ಎ. ಸಿ. ಬರ್ನೆಲನು ಸಂಗ್ರಹಿಸಿದ ಪಾಡ್ದನಗಳು, 1882ರಲ್ಲಿ ಅವನು ತೀರಿಕೊಂಡ ಮೇಲೆ, 1894ರಿಂದ 1897ರವರೆಗೆ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಬೆಳಕು ಕಂಡವು. ಆ ಲೇಖನಮಾಲೆಯ ಹೆಸರಿನ ಅರ್ಥ ‘ತುಳುವರ ಪಿಶಾಚಪೂಜೆ’ ಎಂದು.

ಈ ಹೆಸರಿನಲ್ಲಿಯೇ ದೋಷವಡಗಿದೆ. ಸಂಸ್ಕೃತದಲ್ಲಿ ‘ಭೂತ’ವೆಂದರೆ ಆದುದು, ಇರುವುದು, ಜೀವಿ. ಘಟ್ಟದ ಮೇಲಣ ಕನ್ನಡದಲ್ಲಿ ಅದಕ್ಕೆ ದೆವ್ವವೆಂಬ ಅರ್ಥವು ರೂಢವಾಗಿದೆ. ಐರೋಪ್ಯರು ಅದಕ್ಕೆ ತಮ್ಮ ಮತದ ‘ಡೆವಿಲ್’ ಎಂಬ ಶಬ್ದವನ್ನು ಹೊಂದಿಸಿದರು. ಆ ಶಬ್ದವು ದೇವರ ವೈರಿಯನ್ನು ಸೂಚಿಸುವುದು. ತುಳುವರಾದರೋ ದೈವವನ್ನು ‘ಸತ್ಯ’ವೆಂದೇ ಕರೆಯುತ್ತಾರೆ. ನಂಬಿದವರಿಗೆ ಇಂಬು ಕೊಡುವುದು, ಗಡಿಯ ವ್ಯಾಜ್ಯವನ್ನೂ ಮನೆತನದ ಮನಸ್ತಾಪವನ್ನೂ ವಿಚಾರಿಸಿ ನ್ಯಾಯವನ್ನು ನುಡಿಯುವುದು ದೈವದ ಕಾರ್ಯ. ಹೀಗೆ, ಒಳಗಿನವರು ಸತ್ಯವೆಂದುದನ್ನು ಹೊರಗಿನವರು ಸತ್ಯದ ಶತ್ರುವೆಂದರು.

ಆದರೂ ಬರ್ನೆಲನ ಸಂಗ್ರಹವನ್ನು ಓದಿದವರಿಗೆ, ಒಳಗಿನ ಕಥೆಗಳೇ ಹೊರಗಿನ ಹೆಸರನ್ನು ಅಲ್ಲಗಳೆಯುವುದು ಕಂಡುಬರುತ್ತದೆ. ನಂದಿಕೂರಿನ ದಾರಿಯು ಮುಟ್ಟುವ ಕಾರ್ಕಳದ ಕಥೆಯೇ ಇದಕ್ಕೆ ಸಾಕ್ಷಿ. ಅಲ್ಲಿಯ ಬಂಡೆಯ ಮೇಲೆ ಸುಮಾರು 42 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ವೀರಪಾಂಡ್ಯನು 1432ರಲ್ಲಿ ಪ್ರತಿಷ್ಠಾಪಿಸಿದನೆಂದು ಶಾಸನವು ತಿಳಿಸುತ್ತದೆ. ಪಾಡ್ದನವು ಹೇಳುವುದು ಬೇರೆ. ಮೂರ್ತಿಯನ್ನು ಕಡೆದ ಕಲ್ಕುಡನು ಇಂಥದನ್ನು ಇನ್ನೆಲ್ಲಿಯೂ ಕಡೆಯಬಾರದೆಂದು ಅರಸನು ಅವನ ಎಡಗೈಯನ್ನೂ ಬಲಗಾಲನ್ನೂ ಕಡಿಸಿದನು. ಅಣ್ಣನಿಗಾದ ಅನ್ಯಾಯವನ್ನು ಕಂಡ ತಂಗಿ ಕಲ್ಲುರ್ಟಿಯು ಅವನೊಡನೆ ಮಾಯವನ್ನು ಸೇರಿದಳು. ಇಬ್ಬರೂ ದೈವಗಳಾಗಿ ಅರಸನನ್ನು ಕಾಡಿದರು. ಅಂಗಚ್ಛೇದವು ಐತಿಹಾಸಿಕ ಘಟನೆಯೆಂದು ಸಾಧಿಸುವುದಕ್ಕೆ ಆಧಾರ ಸಾಲದು. ಇಂಥ ಕಥೆಗಳು ಬೇರೆ ದೇಶಗಳಲ್ಲಿಯೂ ಉಂಟು. ಇಲ್ಲಿ ಮುಖ್ಯವಾದುದು ಜನರು ನೆನಪಿನಲ್ಲಿ ಉಳಿಸಿಕೊಂಡ ಬಗೆ. ಶಾಸನವು ಮಾಡಿಸಿದವನನ್ನು ನೆನೆಯಿತು. ಪಾಡ್ದನವು ಮಾಡಿದವನನ್ನು ನೆನೆಯಿತು. ಬಲ್ಲಾಳನ ಮಾತು ತಪ್ಪಿದಾಗ ಊರು ಬಿಟ್ಟು ಹೊರಟ ಕೋಟಿ ಚೆನ್ನಯರೂ ಅನ್ಯಾಯಕ್ಕೆ ಗುರಿಯಾದವರೇ. ಉಳ್ಳವನಿಂದ ನೊಂದವನು ಸತ್ತ ಮೇಲೆ ಉಳ್ಳವನನ್ನು ಪ್ರಶ್ನಿಸಬಲ್ಲನೆಂಬ ಭಾವನೆಯೇ ಇಂಥ ಕಥೆಗಳ ತಿರುಳು.

ಇಷ್ಟನ್ನು ಒಳಗಿನವರು ಬಲ್ಲರು. ಆದರೆ ಬಾಳಿಕೆಯಿಂದ ಬಂದ ತಿಳಿವಳಿಕೆಗೂ ಒಂದು ಕುರುಡುಂಟು. ದೈವವನ್ನು ಮೈಮೇಲೆ ತಳೆಯುವವರು ನಲಿಕೆ, ಪಂಬದ, ಪರವ ಜಾತಿಯವರು. ನೇಮದ ರಾತ್ರಿ ಗುತ್ತಿನ ಯಜಮಾನನು ಅವನ ಮುಂದೆ ಕೈಮುಗಿದು ನಿಂತು ನುಡಿಯನ್ನು ಕೇಳುವನು. ಬೆಳಗಾದ ಮೇಲೆ, ಹಿಂದಿನ ಕಾಲದಲ್ಲಿ, ಅದೇ ಮನುಷ್ಯನು ಅದೇ ಮನೆಯ ಅಂಗಳದ ಆಚೆ ನಿಲ್ಲಬೇಕಾಗಿತ್ತು. ನ್ಯಾಯವನ್ನು ಆರಾಧಿಸುವ ನಾಡು, ನ್ಯಾಯವನ್ನು ನುಡಿಯುವ ಬಾಯಿಗೆ ನ್ಯಾಯವನ್ನು ಕೊಡಲಿಲ್ಲ. ಇದನ್ನು ಕಟ್ಟಳೆಯೆಂದು ಒಪ್ಪಿಕೊಂಡವರಿಗೆ ಇದರಲ್ಲಿಯ ವಿರೋಧವು ತೋರಲಿಲ್ಲ. ಒಳಗಿನವನೇ ಹೊರಗೆ ನಿಂತು ನೋಡಿದಾಗ ಅದು ತೋರಿತು: ಕೋಟದ ಶಿವರಾಮ ಕಾರಂತರು 1933ರಲ್ಲಿ ‘ಚೋಮನ ದುಡಿ’ಯನ್ನು ಬರೆದು, ಸ್ವಂತ ಬೇಸಾಯವನ್ನು ಬಯಸಿದ ಹೊಲೆಯನೊಬ್ಬನಿಗೆ ನಾಡಿನ ಕಟ್ಟಳೆಯು ಅದನ್ನು ಹೇಗೆ ನಿರಾಕರಿಸಿತೆಂಬುದನ್ನು ಕಾಣಿಸಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನವು ಅಸ್ಪೃಶ್ಯತೆಯನ್ನು ನಿಷೇಧಿಸಿತು.

ಎರಡು ನೋಟಗಳೂ ಕೂಡಿ ನಡೆದಾಗ ಫಲವು ಹೆಚ್ಚೆಂಬುದಕ್ಕೆ ಈಚಿನ ಕೆಲಸಗಳು ನಿದರ್ಶನವಾಗಿವೆ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ 1988ರಿಂದ 1997ರವರೆಗೆ ಆರು ಸಂಪುಟಗಳ ತುಳು ನಿಘಂಟು ಹೊರಬಂದಿತು. ಗೋಪಾಲ ನಾಯ್ಕರು ಹಾಡಿದ ಸಿರಿ ಕಾವ್ಯವನ್ನು ಫಿನ್ಲೆಂಡಿನ ಲೌರಿ ಹೊಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮುಂತಾದ ಈ ನಾಡಿನ ವಿದ್ವಾಂಸರೊಡನೆ ಕೂಡಿ 1998ರಲ್ಲಿ ಪ್ರಕಟಿಸಿದರು. ಅದರಲ್ಲಿ 15,683 ಸಾಲುಗಳಿವೆ. ಬರ್ನೆಲನ ಕಾಲದಲ್ಲಿ ‘ಪಿಶಾಚ’ವೆಂಬ ತಲೆಬರಹದಡಿ ಸೇರಿದ ವಾಙ್ಮಯವು ಇಲ್ಲಿ ಮಹಾಕಾವ್ಯವೆನಿಸಿತು, ಹಾಡಿದವರ ಹೆಸರೂ ಗ್ರಂಥದ ಮೊಗಪುಟಕ್ಕೆ ಬಂದಿತು.

ಹೊರಗಿನವನು ವಸ್ತುವನ್ನು ಕಾಪಾಡಿ ಹೆಸರನ್ನು ಕೆಡಿಸಿದನು. ಒಳಗಿನವನು ಹೆಸರನ್ನು ಕಾಪಾಡಿ ಹೆಸರಿಗೆ ತಕ್ಕ ನಡತೆಯನ್ನು ಮರೆತನು. ಇಬ್ಬರಿಗೂ ಒರೆಗಲ್ಲು ಪಾಡ್ದನವೇ. ಕಲ್ಕುಡನ ಕಥೆಯನ್ನು ನಿಜವಾಗಿ ಕೇಳಿದವನು ಅದನ್ನು ಪಿಶಾಚದ ಕಥೆಯೆನ್ನಲಾರನು. ಅದನ್ನು ಹಾಡುವವನನ್ನು ಅಂಗಳದ ಆಚೆ ನಿಲ್ಲಿಸಲೂ ಆರನು.