ಎಲ್ವಿ ದಂಡೆಯ ಪುಟ್ಟ ನಗರ

ಬ್ರಿಟನ್ ದ್ವೀಪದ ಪಶ್ಚಿಮ ಭಾಗದಲ್ಲಿ ವೇಲ್ಸ್ ಎಂಬ ಗುಡ್ಡಗಾಡು ನಾಡುಂಟು. ಅದರ ಉತ್ತರದ ಕಡಲತೀರದಿಂದ ಕೆಲವೇ ಮೈಲಿ ಒಳಗೆ, ಕ್ಲೂಯಿಡ್ ಮತ್ತು ಎಲ್ವಿ ಎಂಬ ಎರಡು ನದಿಗಳ ನಡುವಣ ದಿಣ್ಣೆಯ ಮೇಲೆ ಸೇಂಟ್ ಆಸಫ್ ನೆಲೆಸಿದೆ. ವೆಲ್ಷ್ ಭಾಷೆಯಲ್ಲಿ ಇದರ ಹೆಸರು ಲನೆಲ್ವಿ. ಎಲ್ವಿ ದಂಡೆಯ ಪುಣ್ಯಸ್ಥಳವೆಂದು ಅದರ ಅರ್ಥ. ಈ ಹೆಸರಿನ ಮೊದಲ ಅಕ್ಷರ ಪರದೇಶದವರ ಬಾಯಿಗೆ ಸುಲಭವಾಗಿ ಒಗ್ಗುವುದಿಲ್ಲ. ನಾಲಗೆಯನ್ನು 'ಲ'ಕಾರಕ್ಕೆ ಇರಿಸಿಕೊಂಡು, ದನಿಯೆತ್ತದೆ ಉಸಿರನ್ನು ಮಾತ್ರ ಪಕ್ಕದಿಂದ ಬಿಟ್ಟರೆ ಅದು ಹೊರಡುತ್ತದೆ.

ಊರಿನ ಜನಸಂಖ್ಯೆ ಮೂರೂವರೆ ಸಾವಿರದ ಆಸುಪಾಸು. ಆದರೂ ಇದು ನಗರವೇ. ಎರಡನೆಯ ಎಲಿಜಬೆತ್ ರಾಣಿಯ ಆಳ್ವಿಕೆಗೆ ಅರವತ್ತು ವರ್ಷ ತುಂಬಿದ 2012ರಲ್ಲಿ ಇದಕ್ಕೆ ವಿಧಿವತ್ತಾಗಿ ನಗರದ ಪದವಿ ದೊರೆಯಿತು. ಮಾರ್ಗದರ್ಶಿಯ ಹಿಂದೆ ನಡೆದು ಊರು ನೋಡಲು ಬರುವವರಿಗೆ ಅರ್ಧ ದಿನ ಧಾರಾಳವಾಗಿ ಸಾಕು.

ನಡಿಗೆಯನ್ನು ನದಿಯಿಂದ ಆರಂಭಿಸುವುದು ಉಚಿತ. ಹದಿನೆಂಟನೆಯ ಶತಮಾನದ ಕಲ್ಲುಸೇತುವೆಯೊಂದು ಎಲ್ವಿಯನ್ನು ದಾಟಿಸುತ್ತದೆ. ಬೇಸಗೆಯಲ್ಲಿ ಸೌಮ್ಯವಾಗಿ ಕಾಣುವ ಈ ಹೊಳೆ 2012ರ ನವೆಂಬರ್‌ನಲ್ಲಿ ದಂಡೆ ಮೀರಿ ನೂರಾರು ಮನೆಗಳಿಗೆ ನುಗ್ಗಿತು. ನಗರದ ಪದವಿ ಬಂದ ವರ್ಷವೇ ಈ ವಿಪತ್ತೂ ಬಂದೆರಗಿತು. ಸೇತುವೆಯ ಸಮೀಪದಲ್ಲಿ ಊರವರ ಚಿಕ್ಕ ಚರ್ಚು ಇದೆ. ಸಂತ ಕೆಂಟಿಗರ್ನ್ ಮತ್ತು ಅವನ ಶಿಷ್ಯ ಸಂತ ಆಸಫ್ ಇಬ್ಬರ ಹೆಸರನ್ನೂ ಅದು ಹೊತ್ತಿದೆ. ಆರನೆಯ ಶತಮಾನದಲ್ಲಿ ಗುರು ಇಲ್ಲಿ ಮಠವನ್ನು ಸ್ಥಾಪಿಸಿದನೆಂದೂ, ಅವನು ಹೊರಟುಹೋದ ಬಳಿಕ ಶಿಷ್ಯ ಅದನ್ನು ನಡೆಸಿದನೆಂದೂ ಐತಿಹ್ಯ.

ಅಲ್ಲಿಂದ ಹೈ ಸ್ಟ್ರೀಟ್ ಎಂಬ ಬೀದಿ ದಿಣ್ಣೆಯನ್ನೇರುತ್ತದೆ. ಅಂಗಡಿಗಳೂ ಹಳೆಯ ಮನೆಗಳೂ ಇಕ್ಕೆಲಗಳಲ್ಲಿ ನಿಂತಿವೆ. ಬೀದಿಯ ತಲೆಯಲ್ಲಿ ಕ್ಯಾಥೆಡ್ರಲ್, ಎಂದರೆ ಬಿಷಪ್ಪರ ಪೀಠವಿರುವ ಮಹಾ ದೇವಾಲಯ, ಕಾಣಿಸಿಕೊಳ್ಳುತ್ತದೆ. ಬ್ರಿಟನ್ನಿನ ಪ್ರಾಚೀನ ಕ್ಯಾಥೆಡ್ರಲ್‌ಗಳಲ್ಲೆಲ್ಲ ಇದೇ ಚಿಕ್ಕದೆಂದು ಹೆಸರು. ಉದ್ದ ಸುಮಾರು 180 ಅಡಿ. ದಪ್ಪನೆಯ ಚಚ್ಚೌಕ ಗೋಪುರವುಳ್ಳ ಈ ಕಟ್ಟಡವನ್ನು ಸುಂದರವೆನ್ನುವುದಕ್ಕಿಂತ ಗಟ್ಟಿಮುಟ್ಟಾದುದೆನ್ನುವುದೇ ಸರಿ. ಗಟ್ಟಿಯಾಗಿರಲು ಅದಕ್ಕೆ ಕಾರಣವೂ ಇತ್ತು. 1282ರಲ್ಲಿ ಇಂಗ್ಲೆಂಡಿನ ದೊರೆ ಒಂದನೆಯ ಎಡ್ವರ್ಡನ ಸೈನಿಕರು ಇದನ್ನು ಸುಟ್ಟರು. ಮತ್ತೆ ಕಟ್ಟಿದ್ದಾಯಿತು. 1402ರಲ್ಲಿ, ಇಂಗ್ಲಿಷರ ವಿರುದ್ಧ ದಂಗೆಯೆದ್ದ ವೆಲ್ಷ್ ವೀರ ಓವೈನ್ ಗ್ಲಿಂಡೂರನ ಕಡೆಯವರೇ ಇದಕ್ಕೆ ಬೆಂಕಿಯಿಟ್ಟರು. ಹದಿನೇಳನೆಯ ಶತಮಾನದ ಅಂತರ್ಯುದ್ಧದ ತರುವಾಯ ಕೆಲಕಾಲ ಇಲ್ಲಿ ದನಕುದುರೆಗಳನ್ನು ಕಟ್ಟುತ್ತಿದ್ದರು. ಈಗಿನ ರೂಪಕ್ಕೆ ಹತ್ತೊಂಬತ್ತನೆಯ ಶತಮಾನದಲ್ಲಿ ವಾಸ್ತುಶಿಲ್ಪಿ ಗಿಲ್ಬರ್ಟ್ ಸ್ಕಾಟ್ ಮಾಡಿಸಿದ ಜೀರ್ಣೋದ್ಧಾರವೇ ಬಹುಮಟ್ಟಿಗೆ ಕಾರಣ.

ಈ ಊರಿನ ವರ್ಕ್‌ಹೌಸಿನಲ್ಲಿ ಬೆಳೆದ ಒಬ್ಬ ಹುಡುಗನ ಕಥೆಯನ್ನು ಮಾರ್ಗದರ್ಶಿಗಳು ಹೇಳದೆ ಬಿಡುವುದಿಲ್ಲ. ಬಡವರಿಗಾಗಿ ಇದ್ದ ಆ ದುಡಿಮೆಯ ಮನೆಗೆ 1847ರಲ್ಲಿ ಸೇರಿದ ಜಾನ್ ರೋಲೆಂಡ್ಸ್, ಮುಂದೆ ಹೆನ್ರಿ ಮಾರ್ಟನ್ ಸ್ಟಾನ್ಲಿ ಎಂಬ ಹೆಸರಿನಿಂದ ಆಫ್ರಿಕದಲ್ಲಿ ಲಿವಿಂಗ್‌ಸ್ಟನ್ನನನ್ನು ಹುಡುಕಿ ಜಗದ್ವಿಖ್ಯಾತನಾದ. ಬೆಲ್ಜಿಯಮ್ಮಿನ ದೊರೆ ಲಿಯೋಪೋಲ್ಡನು ಕಾಂಗೋ ನಾಡನ್ನು ಹಿಂಡುವುದಕ್ಕೆ ಹಾದಿ ಮಾಡಿಕೊಟ್ಟವನೂ ಇವನೇ. ಆದಕಾರಣ 2011ರಲ್ಲಿ ಇಲ್ಲಿ ಅವನಿಗೊಂದು ಸ್ಮಾರಕಸ್ತಂಭ ನಿಂತಾಗ ಆಕ್ಷೇಪಗಳೂ ಎದ್ದವು. ಊರಿನ ನಿಜವಾದ ಹಿರಿಮೆಯನ್ನು ಹುಡುಕುವವರು ಕ್ಯಾಥೆಡ್ರಲ್ಲಿನ ಅಂಗಳದಲ್ಲಿರುವ ಇನ್ನೊಂದು ಸ್ಮಾರಕದ ಮುಂದೆ ನಿಲ್ಲಬೇಕು.

ಇದು ಅನುವಾದಕರ ಸ್ಮಾರಕ. 1892ರಲ್ಲಿ ಸ್ಥಾಪಿತವಾದ ಈ ಶಿಲಾಶಿಖರದ ಸುತ್ತ ಎಂಟು ಮಂದಿಯ ಪ್ರತಿಮೆಗಳಿವೆ. ದಂಡನಾಯಕರಿಗೂ ದೊರೆಗಳಿಗೂ ಎತ್ತರದ ಕಂಬಗಳನ್ನು ನೆಟ್ಟ ಕಾಲದಲ್ಲಿ, ಒಂದು ಪುಸ್ತಕವನ್ನು ತಾಯ್ನುಡಿಗೆ ತಂದವರಿಗೆ ಈ ಪುಟ್ಟ ಊರಿನಲ್ಲಿ ಕಲ್ಲು ನಿಲ್ಲಿಸಿದರು.

ಅದರ ಹಿನ್ನೆಲೆ ಹೀಗಿದೆ. 1536ರ ಕಾಯಿದೆಯು ವೇಲ್ಸನ್ನು ಇಂಗ್ಲೆಂಡಿನೊಡನೆ ಸೇರಿಸಿತು. ನ್ಯಾಯಾಲಯದ ಭಾಷೆ ಇಂಗ್ಲಿಷ್ ಎಂದಾಯಿತು; ಇಂಗ್ಲಿಷ್ ಬಾರದವನಿಗೆ ಸರಕಾರಿ ಅಧಿಕಾರವಿಲ್ಲವೆಂದಾಯಿತು. ಅಧಿಕಾರದಿಂದ ಹೊರದೂಡಲ್ಪಟ್ಟ ನುಡಿ ಹಟ್ಟಿಗೂ ಅಡುಗೆಮನೆಗೂ ಸೀಮಿತವಾಗಿ, ಕ್ರಮೇಣ ಊರಿಗೊಂದು ಬಗೆಯ ಆಡುಮಾತಾಗಿ ಒಡೆದುಹೋಗುವ ಅಪಾಯವಿತ್ತು. ಆದರೆ ಪೂಜೆಯ ಭಾಷೆ ಜನಕ್ಕೆ ತಿಳಿಯಲೇಬೇಕಲ್ಲವೆ? ಅದಕ್ಕಾಗಿ 1563ರಲ್ಲಿ ಬೈಬಲ್ಲನ್ನು ವೆಲ್ಷ್ ಭಾಷೆಗೆ ತರಬೇಕೆಂದು ಇನ್ನೊಂದು ಕಾಯಿದೆಯಾಯಿತು. ಒಂದು ಕಾಯಿದೆ ಮುಚ್ಚಿದ ಬಾಗಿಲನ್ನು ಇನ್ನೊಂದು ತೆರೆದುದು ಚರಿತ್ರೆಯ ವಿನೋದ.

ವಿಲಿಯಂ ಸೇಲ್ಸ್‌ಬರಿ ಎಂಬ ವಿದ್ವಾಂಸ, ಬಿಷಪ್ ರಿಚರ್ಡ್ ಡೇವಿಸ್ ಮತ್ತು ತಾಮಸ್ ಹ್ಯೂಯೆಟ್ ಇವರೊಡಗೂಡಿ, 1567ರಲ್ಲಿ ಹೊಸ ಒಡಂಬಡಿಕೆಯನ್ನು ಹೊರತಂದ. ಪಾಂಡಿತ್ಯ ಹಿರಿದಾಗಿತ್ತು, ಓದು ಮಾತ್ರ ಸಾಗದಾಯಿತು. ವೆಲ್ಷ್ ಭಾಷೆಯಲ್ಲಿ ಪದದ ಮೊದಲ ವ್ಯಂಜನ ಸಂದರ್ಭಕ್ಕೆ ತಕ್ಕಂತೆ ಬದಲಾಗುತ್ತದೆ. ಅವರು ತಮ್ಮ ನಾಡನ್ನು 'ಕಮ್ರಿ' ಎನ್ನುತ್ತಾರೆ; 'ನಾಡಿಗೆ' ಎನ್ನಬೇಕಾದಾಗ ಅದು 'ಇ ಗಮ್ರಿ' ಆಗುತ್ತದೆ. ಕ, ತ, ಪಗಳು ಗ, ದ, ಬಗಳಾಗುವ ಈ ಮಾರ್ಪಾಟು, ಮಳೆ ಮತ್ತು ಕಾಲ ಕೂಡಿ 'ಮಳೆಗಾಲ' ಎಂದಾಗುವುದನ್ನು ಬಲ್ಲ ಕನ್ನಡಿಗರಿಗೆ ಹೊಸದಲ್ಲ. ಇಂಥ ಬದಲಾವಣೆಗಳಲ್ಲಿ ಕೆಲವನ್ನು ಸೇಲ್ಸ್‌ಬರಿ ಬರೆಹದಲ್ಲಿ ತೋರಿಸಲಿಲ್ಲ. ಹಲವು ಶಬ್ದಗಳನ್ನು ಅವುಗಳ ಲ್ಯಾಟಿನ್ ಮೂಲ ಕಾಣುವಂತೆ ಬರೆದ. ಓದಿ ಹೇಳುವ ಪಾದ್ರಿಗಳು ತಡವರಿಸಿದರು.

ಈ ಕೊರತೆಯನ್ನು ನೀಗಿಸಿದವನು ವಿಲಿಯಂ ಮಾರ್ಗನ್. ಪೆನ್‌ಮಾಚ್ನೊ ಬಳಿಯ ಹೊಲಮನೆಯಲ್ಲಿ ಹುಟ್ಟಿ, ಕೇಂಬ್ರಿಜ್ಜಿನಲ್ಲಿ ಹೀಬ್ರೂ, ಗ್ರೀಕ್ ಕಲಿತ ಇವನು ಬೆಟ್ಟದ ಹಳ್ಳಿಯೊಂದರಲ್ಲಿ ಪಾದ್ರಿಯಾಗಿದ್ದ. ಅಕ್ಕಪಕ್ಕದವರೊಡನೆ ವ್ಯಾಜ್ಯಗಳಿಗೂ ಕೊರತೆಯಿರಲಿಲ್ಲ. ಅದರ ನಡುವೆಯೇ ಅವನು ಹಳೆಯ ಒಡಂಬಡಿಕೆಯನ್ನು ಮೂಲದಿಂದ ಅನುವಾದಿಸಿ, ಸೇಲ್ಸ್‌ಬರಿಯ ಕೃತಿಯನ್ನು ತಿದ್ದಿದ. ಅವನು ಆರಿಸಿಕೊಂಡ ಭಾಷೆ ಯಾವುದೇ ಒಂದು ಸೀಮೆಯದಲ್ಲ. ವೆಲ್ಷ್ ಕವಿಗಳು ಶತಮಾನಗಳಿಂದ ಕಾಪಾಡಿಕೊಂಡು ಬಂದಿದ್ದ ಸಾಹಿತ್ಯದ ನುಡಿ. ಆದುದರಿಂದಲೇ ಉತ್ತರದವನಿಗೂ ದಕ್ಷಿಣದವನಿಗೂ ಅದು ತನ್ನದೆನಿಸಿತು. ಮುದ್ರಣ ಲಂಡನ್ನಿನಲ್ಲಿ ನಡೆಯಿತು. ಅಚ್ಚಿನ ಮೊಳೆ ಜೋಡಿಸುವವರಿಗೆ ವೆಲ್ಷ್ ಬಾರದ ಕಾರಣ ಮಾರ್ಗನ್ ಸುಮಾರು ಒಂದು ವರ್ಷ ಅಲ್ಲಿಯೇ ತಂಗಿ ಕರಡು ತಿದ್ದಿದ. ಅವನಿಗೆ ಆಶ್ರಯವಿತ್ತ ಗೇಬ್ರಿಯಲ್ ಗುಡ್‌ಮನ್ನನೂ ಸ್ಮಾರಕದಲ್ಲಿ ಸ್ಥಾನ ಪಡೆದಿದ್ದಾನೆ. ಸ್ಪೇನಿನ ನೌಕಾಪಡೆ ಇಂಗ್ಲೆಂಡಿನ ಮೇಲೆ ದಂಡೆತ್ತಿ ಬಂದ 1588ರಲ್ಲಿಯೇ ಗ್ರಂಥ ಹೊರಬಿತ್ತು.

1601ರಲ್ಲಿ ಮಾರ್ಗನ್ ಸೇಂಟ್ ಆಸಫ್‌ನ ಬಿಷಪ್ಪನಾದ, 1604ರಲ್ಲಿ ತೀರಿಕೊಂಡ. ಅವನ ತರುವಾಯ ಇದೇ ಪೀಠವೇರಿದ ರಿಚರ್ಡ್ ಪ್ಯಾರಿ, ವೈಯಾಕರಣ ಜಾನ್ ಡೇವಿಸನ ನೆರವಿನಿಂದ 1620ರಲ್ಲಿ ಪರಿಷ್ಕೃತ ಆವೃತ್ತಿಯನ್ನು ತಂದ. 1630ರಲ್ಲಿ ಮನೆಗಳಲ್ಲಿ ಇರಿಸಿಕೊಳ್ಳಲು ತಕ್ಕ ಚಿಕ್ಕ ಗಾತ್ರದ, ಅಗ್ಗದ ಪ್ರತಿ ಬಂದಿತು. ಹದಿನೆಂಟನೆಯ ಶತಮಾನದಲ್ಲಿ ಗ್ರಿಫಿತ್ ಜೋನ್ಸನು ಹಳ್ಳಿಯಿಂದ ಹಳ್ಳಿಗೆ ಸಾಗುವ ಶಾಲೆಗಳನ್ನು ತೆರೆದಾಗ, ಸಾವಿರಾರು ರೈತರೂ ಆಳುಗಳೂ ಅಕ್ಷರ ಕಲಿತದ್ದು ಈ ಗ್ರಂಥದಿಂದಲೇ. ನ್ಯಾಯಾಲಯದಲ್ಲಿ ಸ್ಥಾನವಿಲ್ಲದ ಭಾಷೆಗೆ ಓದುಗರು ಹುಟ್ಟಿದರು.

ಮುಂದೆಯೂ ಹಾದಿ ಸುಗಮವಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವೇಲ್ಸಿನ ಕೆಲವು ಶಾಲೆಗಳಲ್ಲಿ ತಾಯ್ನುಡಿಯನ್ನಾಡಿದ ಮಗುವಿನ ಕೊರಳಿಗೆ ಮರದ ಹಲಗೆಯನ್ನು ಕಟ್ಟುತ್ತಿದ್ದರು. 2011ರ ಶಾಸನದಿಂದ ವೆಲ್ಷ್ ಭಾಷೆಗೆ ಆ ನಾಡಿನಲ್ಲಿ ಅಧಿಕೃತ ಸ್ಥಾನ ದೊರೆಯಿತು. 2021ರ ಜನಗಣತಿಯಂತೆ ಅದನ್ನು ಬಲ್ಲವರು ಸುಮಾರು 5,38,000, ಎಂದರೆ ನೂರಕ್ಕೆ ಹದಿನೆಂಟರಷ್ಟು. ಸಂಖ್ಯೆ ದೊಡ್ಡದೇನಲ್ಲ, ಹತ್ತು ವರ್ಷಗಳ ಹಿಂದಿನದಕ್ಕಿಂತ ಕಡಿಮೆ ಕೂಡ.

ಅಂಗಳದಿಂದ ಒಳಗೆ ಹೋದರೆ ಕವಯಿತ್ರಿ ಫೆಲೀಷಿಯಾ ಹೆಮನ್ಸಳ ಸ್ಮಾರಕವಿದೆ. 'ಕಾಸಬಿಯಾಂಕಾ' ಎಂಬ ಕವಿತೆಯಿಂದ ಅನೇಕ ದೇಶಗಳ ಶಾಲಾಮಕ್ಕಳಿಗೆ ಪರಿಚಿತಳಾದ ಆಕೆ ಕೆಲವು ವರ್ಷ ಈ ಊರಿನಲ್ಲಿ ವಾಸವಾಗಿದ್ದಳು. ಆದರೆ ನಡೆದು ಬಂದವರ ಕಣ್ಣು ಅರಸುವುದು 1588ರ ಬೈಬಲ್ಲನ್ನು. ಅದರ ಒಂದು ಪ್ರತಿಯನ್ನು ಇಲ್ಲಿ ಜೋಪಾನವಾಗಿ ಇರಿಸಿದ್ದಾರೆ. ದಪ್ಪ ಕಪ್ಪಕ್ಷರಗಳ ದೊಡ್ಡ ಗ್ರಂಥವದು. ಮಾರ್ಗನ್ನನ ಸಮಾಧಿಯನ್ನು ತೋರಿಸಿರೆಂದು ಕೇಳಿದವರಿಗೆ ಮಾತ್ರ ಮಾರ್ಗದರ್ಶಿ ನೆಲದತ್ತ ಕೈ ಬೀಸಬೇಕಾಗುತ್ತದೆ. ಅವನನ್ನು ಹೂಳಿದ್ದು ಈ ಕ್ಯಾಥೆಡ್ರಲ್ಲಿನಲ್ಲಿಯೇ. ಯಾವ ಕಲ್ಲಿನ ಕೆಳಗೆಂಬ ಗುರುತು ಉಳಿದಿಲ್ಲ.