ಮೊದಲ ಸಲ ದುರ್ಗ ನೋಡುವವರಿಗೆ: ತಪ್ಪು ಕಲ್ಪನೆ ಮತ್ತು ಸತ್ಯ

ಪಾಳೆಯಗಾರ ನಾಯಕರ ರಾಜಧಾನಿಯಾಗಿದ್ದ ಚಿತ್ರದುರ್ಗ ಬೆಂಗಳೂರಿನಿಂದ ಸುಮಾರು 200 ಕಿ.ಮೀ. ದೂರದಲ್ಲಿ, ಪುಣೆ ಹೆದ್ದಾರಿಯ ಪಕ್ಕದಲ್ಲೇ ಇದೆ. ಹಂಪಿಗೋ ಹುಬ್ಬಳ್ಳಿಗೋ ಹೊರಟವರು ದಾರಿಯಲ್ಲಿ ಒಂದು ಗಂಟೆ ಇಳಿದು ಕೋಟೆ ನೋಡಿಕೊಂಡು ಹೋಗಬಹುದು ಎಂಬುದು ಮೊದಲ ಸಲ ಬರುವವರ ಸಾಮಾನ್ಯ ಲೆಕ್ಕ. ಅಷ್ಟು ಹೊತ್ತಿನಲ್ಲಿ ಕಾಮನ ಬಾಗಿಲು ದಾಟಿ, ಓಬವ್ವನ ಕಿಂಡಿಯ ಮುಂದೆ ಫೋಟೊ ತೆಗೆಸಿಕೊಂಡು ಮರಳುವುದಾಗುತ್ತದೆ, ಕೋಟೆ ನೋಡಿದಂತಾಗುವುದಿಲ್ಲ. ಬೆಟ್ಟದ ಮೇಲೆ ಚೆದುರಿರುವ ಗುಡಿ, ಹೊಂಡ, ಬತೇರಿ, ಅರಮನೆಯ ಅವಶೇಷಗಳನ್ನು ಸುತ್ತಿ ಬರಲು ನಾಲ್ಕೈದು ಗಂಟೆ ಬೇಕು. ಮಧ್ಯಾಹ್ನದ ಹೊತ್ತಿಗೆ ಬಂಡೆಗಳು ಕಾದು ಹೆಂಚಾಗುವುದರಿಂದ ಬೆಳಗ್ಗೆಯೇ ಹತ್ತುವುದು ಲೇಸು.

ಏಳು ಸುತ್ತಿನ ಕೋಟೆ ಎಂದ ಕೂಡಲೇ ಒಂದರೊಳಗೊಂದು ಬರೆದ ಏಳು ವೃತ್ತಗಳು ಕಣ್ಣಿಗೆ ಬರುತ್ತವೆ. ದುರ್ಗದ ಗೋಡೆಗಳು ವೃತ್ತಗಳಲ್ಲ. ಬೆಟ್ಟದ ಏರಿಳಿತ ಹೇಗಿದೆಯೋ ಹಾಗೆ ಅವು ಬಾಗುತ್ತವೆ. ದೊಡ್ಡ ಬಂಡೆ ಎದುರಾದರೆ ಆ ಬಂಡೆಯೇ ಗೋಡೆ. ಸುತ್ತುಗಳಲ್ಲಿ ಮೂರು ಕೆಳಗೆ ನೆಲದ ಮೇಲಿದ್ದು ಪೇಟೆಯನ್ನು ಕಾಯುತ್ತಿದ್ದವು, ನಾಲ್ಕು ಬೆಟ್ಟದ ಮೇಲಿವೆ. ಟಿಕೆಟ್ ಕೊಂಡು ಒಳಹೋಗುವ ಪ್ರವಾಸಿ ನೋಡುವುದು ಮೇಲಿನವನ್ನು ಮಾತ್ರ. ಕೆಳಗಿನ ಸುತ್ತುಗಳನ್ನು ಊರು ನುಂಗಿದೆ. ರಂಗಯ್ಯನ ಬಾಗಿಲು, ಸಂತೆ ಬಾಗಿಲು, ಉಚ್ಚಂಗಿ ಬಾಗಿಲುಗಳ ಹೆಸರು ಹಿಡಿದು ಪೇಟೆಯಲ್ಲಿ ನಡೆದರೆ ಅವುಗಳ ಜಾಡು ಸಿಗುತ್ತದೆ. ರಂಗಯ್ಯನ ಬಾಗಿಲಿನ ಬಳಿ ಪುರಾತತ್ವ ಇಲಾಖೆಯ ವಸ್ತುಸಂಗ್ರಹಾಲಯವೂ ಇದೆ, ಕೋಟೆಗೆ ಬಂದವರಲ್ಲಿ ಹೆಚ್ಚಿನವರು ಅತ್ತ ಸುಳಿಯುವುದಿಲ್ಲ. ಮೇಲಿನ ಬಾಗಿಲುಗಳ ದಾರಿ ಅಡಿಗಡಿಗೆ ತಿರುಗುವುದು ಅಂದಕ್ಕಲ್ಲ. ನೇರ ದಾರಿಯಿದ್ದರೆ ಆನೆ ಓಡಿಬಂದು ಕದಕ್ಕೆ ಗುದ್ದಬಹುದು. ಮಗ್ಗುಲಿಗೆ ತಿರುಗುವ ದಾರಿಯಲ್ಲಿ ಅದಕ್ಕೆ ಓಟ ಸಿಗುವುದಿಲ್ಲ.

ಕೋಟೆಯನ್ನೆಲ್ಲ ಮದಕರಿನಾಯಕನೇ ಕಟ್ಟಿಸಿದ ಎಂಬ ಮಾತೂ ಪೂರ್ತಿ ನಿಜವಲ್ಲ. ಹೊಯ್ಸಳರ ಕಾಲದಲ್ಲೇ ಈ ಊರು ಬೆಮ್ಮತ್ತನಕಲ್ಲು ಎಂದು ಹೆಸರಾಗಿತ್ತು. ತಿಮ್ಮಣ್ಣನಾಯಕನಿಂದ ಮೊದಲಾದ ನಾಯಕರ ಆಳ್ವಿಕೆ 1568ರಿಂದ 1779ರವರೆಗೆ ನಡೆಯಿತು, ಕೋಟೆ ಬೆಳೆದದ್ದು ಹೆಚ್ಚಾಗಿ ಈ ಎರಡು ಶತಮಾನಗಳಲ್ಲಿ. 1779ರ ನಂತರ ಹೈದರಾಲಿ ಮತ್ತು ಟಿಪ್ಪು ಅದನ್ನು ಕೆಡವಲಿಲ್ಲ, ಇನ್ನಷ್ಟು ಬಲಪಡಿಸಿದರು.

ಓಬವ್ವನ ಕಿಂಡಿಯ ಬಗ್ಗೆ ಇರುವಷ್ಟು ತಪ್ಪು ಕಲ್ಪನೆ ಬೇರಾವುದರ ಬಗ್ಗೆಯೂ ಇಲ್ಲ. ಕಿಂಡಿ ಯಾರೋ ಕೊರೆದ ಸುರಂಗವಲ್ಲ, ಬಂಡೆಗಳ ನಡುವೆ ಒಬ್ಬ ಮನುಷ್ಯ ಮೈ ಕುಗ್ಗಿಸಿ ನುಸುಳುವಷ್ಟು ಸಂದು. ಕಹಳೆ ಊದುವ ಮುದ್ದಹನುಮನ ಹೆಂಡತಿ ಓಬವ್ವ ಪಕ್ಕದ ತಣ್ಣೀರು ದೋಣಿಗೆ ನೀರಿಗೆ ಬಂದಾಗ, ಹೈದರನ ಸೈನಿಕರು ಅಲ್ಲಿಂದ ನುಸುಳುವುದನ್ನು ಕಂಡು ಒನಕೆಯಿಂದ ಒಬ್ಬೊಬ್ಬರನ್ನೇ ಬಡಿದಳೆಂಬುದು ದುರ್ಗದವರು ತಲೆಮಾರಿನಿಂದ ಹೇಳಿಕೊಂಡು ಬಂದ ಕಥೆ. ಕೋಟೆ ಬಿದ್ದದ್ದು ಈ ಕಿಂಡಿಯಿಂದಲೇ ಎಂದು ಅನೇಕರು ನಂಬಿದ್ದಾರೆ. ಕಥೆ ಹೇಳುವುದು ಅದಕ್ಕೆ ತದ್ವಿರುದ್ಧ: ಕಿಂಡಿಯ ದಾಳಿ ವಿಫಲವಾಯಿತು. ಕೋಟೆ ಕೊನೆಗೆ ಕೈಬಿಟ್ಟದ್ದು 1779ರಲ್ಲಿ, ಒಳಗಿನ ಸೈನ್ಯದ ಒಂದು ಭಾಗ ಹೈದರನ ಕಡೆಗೆ ತಿರುಗಿದ್ದರಿಂದ. ಕೊನೆಯ ಮದಕರಿನಾಯಕ ಸೆರೆಯಾಗಿ ಶ್ರೀರಂಗಪಟ್ಟಣಕ್ಕೆ ಹೋದ. ಓಬವ್ವ ನಾಡಿನ ಮನೆಮಾತಾದದ್ದರಲ್ಲಿ 1972ರ ‘ನಾಗರಹಾವು’ ಚಿತ್ರದ ಪಾಲು ದೊಡ್ಡದು. ಆ ಚಿತ್ರ ರಾಮಾಚಾರಿ ಎಂಬ ಹುಡುಗನ ಕಥೆ, ಓಬವ್ವ ಬರುವುದು ಒಂದು ಹಾಡಿನಲ್ಲಿ. ತ.ರಾ.ಸು. ಅವರ ‘ದುರ್ಗಾಸ್ತಮಾನ’ವನ್ನು ಇತಿಹಾಸವೆಂದೇ ಓದುವವರಿದ್ದಾರೆ, ಅದು ಇತಿಹಾಸದ ತಳಹದಿಯ ಮೇಲೆ ಕಟ್ಟಿದ ಕಾದಂಬರಿ.

ಇಷ್ಟು ಬರಡು ಬೆಟ್ಟದ ಮೇಲೆ ಸೈನ್ಯಕ್ಕೆ ನೀರು ಎಲ್ಲಿಂದ ಬಂತು ಎಂದು ಕೇಳಿದರೆ, ಬತ್ತದ ಸೆಲೆಯಿದೆ ಎಂಬ ಉತ್ತರ ಸಿಗುತ್ತದೆ. ನಿಜದಲ್ಲಿ ಅದು ಮಳೆನೀರಿನ ಲೆಕ್ಕಾಚಾರ. ಬಂಡೆಯ ಮೇಲೆ ಬಿದ್ದ ನೀರು ಗೋಪಾಲಸ್ವಾಮಿ ಹೊಂಡಕ್ಕೆ ಇಳಿಯುತ್ತದೆ, ಅದು ತುಂಬಿದರೆ ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಊರಿನ ಸಿಹಿನೀರು ಹೊಂಡ, ಸಂತೆ ಹೊಂಡಗಳ ಕಡೆಗೆ. ಮೇಲಿನದು ಕೋಡಿ ಬಿದ್ದ ಮೇಲೆಯೇ ಕೆಳಗಿನದಕ್ಕೆ ಪಾಲು. ಅಕ್ಕ-ತಂಗಿ ಹೊಂಡಕ್ಕೆ ನಾಯಕನ ಹೆಂಡಿರು ಹಾರಿದರೆಂಬುದು ಐತಿಹ್ಯ, ಹೊಂಡ ಅಲ್ಲಿರುವುದು ನೀರಿಗಾಗಿ. ಮಳೆಗಾಲ ಮುಗಿದ ತಿಂಗಳಲ್ಲಿ ಬಂದವರಿಗೆ ಈ ಏರ್ಪಾಡು ಕಣ್ಣಿಗೆ ಕಾಣುತ್ತದೆ, ಬೇಸಿಗೆಯಲ್ಲಿ ಊಹಿಸಿಕೊಳ್ಳಬೇಕು.

ಇನ್ನೆರಡು ಸಣ್ಣ ತಪ್ಪುಗಳು. ಗುಂಡಿಯೊಂದರಲ್ಲಿ ಕೂರಿಸಿರುವ ನಾಲ್ಕು ದೈತ್ಯ ಬೀಸುಕಲ್ಲುಗಳು ರಾಗಿ ಬೀಸಲು ಇದ್ದವಲ್ಲ, ಅವು ಮದ್ದು ಅರೆಯುವ ಕಲ್ಲುಗಳು. ಬೆಟ್ಟದ ಮೇಲೆ ಮೊಂಡಾಗಿ ನಿಂತಿರುವ ಮಣ್ಣಿನ ಗೋಡೆಗಳನ್ನು ಹಾಳು ದನದ ಕೊಟ್ಟಿಗೆಯೆಂದು ದಾಟಿ ಹೋಗುವುದುಂಟು, ಅವು ಅರಮನೆಯವು. ಕಲ್ಲಿನ ಕೋಟೆಯೊಳಗೆ ಅರಸ ಮಣ್ಣಿನ ಗೋಡೆಯ ಮನೆಯಲ್ಲಿದ್ದ, ದುರ್ಗದ ಬಿಸಿಲಿಗೆ ಅದೇ ತಂಪು.

ದುರ್ಗದ ಚರಿತ್ರೆ ನಾಯಕರಿಂದ ಶುರುವಾಗುತ್ತದೆ ಎನ್ನುವವರು ಚಂದ್ರವಳ್ಳಿಗೆ ಹೋಗಬೇಕು. ಕೋಟೆ ಬೆಟ್ಟ, ಕಿರುಬನಕಲ್ಲು, ಚೋಳಗುಡ್ಡಗಳ ನಡುವಿನ ಈ ಕಣಿವೆಯಲ್ಲಿ 1929ರ ಸುಮಾರಿಗೆ ಎಂ.ಎಚ್. ಕೃಷ್ಣ ಅವರೂ 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಉತ್ಖನನ ಮಾಡಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮ್‌ನ ಅಗಸ್ಟಸ್, ಟೈಬೀರಿಯಸ್ ಚಕ್ರವರ್ತಿಗಳ ಬೆಳ್ಳಿ ನಾಣ್ಯಗಳು ಇಲ್ಲಿ ಸಿಕ್ಕಿವೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ ಪ್ರಾಕೃತ ಶಾಸನವಿದೆ. ನೆಲದಡಿಯ ಅಂಕಲಿ ಮಠ ಕೋಟೆಗೆ ಹೋಗುವ ಕಳ್ಳದಾರಿಯಲ್ಲ. ಮೆಟ್ಟಿಲು ಇಳಿದು ಸೇರುವ, ಪೂಜೆಗೂ ತಪಸ್ಸಿಗೂ ಬಳಸಿದ ಕೋಣೆಗಳ ಸಾಲು ಅದು. ಒಳಗೆ ಕಗ್ಗತ್ತಲು, ಬ್ಯಾಟರಿಯೂ ದಾರಿ ಬಲ್ಲ ಜೊತೆಗಾರನೂ ಇಲ್ಲದೆ ಇಳಿಯಬಾರದು.

ಎರಡನೆಯ ದಿನ ಹಿರಿಯೂರಿನ ಕಡೆಗೆ ಹೊರಟವರು ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ಇಳಿಯಬೇಕು. ದಿಂಬುಗಳನ್ನು ಒತ್ತೊತ್ತಾಗಿ ಒಟ್ಟಿದಂತಿರುವ ಅಲ್ಲಿಯ ಕಲ್ಲುಗಳು ಯಾರೂ ಕೆತ್ತಿದವಲ್ಲ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನಡಿಯಲ್ಲಿ ಉಕ್ಕಿದ ಲಾವಾ ತಟ್ಟನೆ ತಣಿದು ಆದ ಆಕಾರವದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರವನ್ನು ವಿಶ್ವೇಶ್ವರಯ್ಯನವರು ಕಟ್ಟಿದರೆಂದು ಓದಿದವರೂ ಹೇಳುತ್ತಾರೆ. ಹಳೆಯ ಅಣೆಕಟ್ಟೆ ಕಂಡರೆ ಅವರ ಹೆಸರು ಹೇಳುವುದು ನಮ್ಮಲ್ಲಿ ರೂಢಿ. ಜನ ಮಾರಿಕಣಿವೆ ಎನ್ನುವ ಈ ಕಟ್ಟೆಯ ಕೆಲಸ 1898ರಲ್ಲಿ, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ ಆರಂಭವಾಗಿ 1907ರಲ್ಲಿ ಮುಗಿಯಿತು. ವಿಶ್ವೇಶ್ವರಯ್ಯ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿ ಬಂದದ್ದು 1909ರಲ್ಲಿ. ವೇದಾವತಿಯ ಈ ಜಲಾಶಯ ಪ್ರತಿ ವರ್ಷ ತುಂಬುತ್ತದೆ ಎಂಬುದೂ ತಪ್ಪು: 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ.

ಹೊಳಲ್ಕೆರೆಯ ಬಯಲು ಗಣಪನನ್ನೂ ದುರ್ಗದ ನಾಯಕರ ಖಾತೆಗೆ ಬರೆಯುವುದಿದೆ. ಬೆನ್ನ ಮೇಲೆ ಜಡೆಯಿರುವ ಈ ಮೂರ್ತಿ 15ನೇ ಶತಮಾನದ್ದು, ಆ ವಂಶ ಇನ್ನೂ ದುರ್ಗಕ್ಕೆ ಬಂದಿರಲಿಲ್ಲ. ಹೊಸದುರ್ಗದಲ್ಲಿ ನೋಡುವುದೇನಿದೆ ಎನ್ನುವವರು ನವೆಂಬರ್‌ನಲ್ಲಿ ಸಾಣೇಹಳ್ಳಿಯ ನಾಟಕೋತ್ಸವದ ಹೊತ್ತಿಗೆ ಬರಲಿ. ಕೋಟೆಗೆ ಒಂದು ಪೂರ್ತಿ ಬೆಳಗು, ಚಂದ್ರವಳ್ಳಿಗೆ ಸಂಜೆ, ಉಳಿದ ತಾಲ್ಲೂಕುಗಳಿಗೆ ಮರುದಿನ: ಎರಡು ದಿನಕ್ಕಿಂತ ಕಡಿಮೆ ಇಟ್ಟುಕೊಂಡು ದುರ್ಗಕ್ಕೆ ಹೊರಡಬಾರದು.